ಫೀ ಜೂನ್‌ನಲ್ಲಿ, ಸ್ಕಾಲರ್‌ಶಿಪ್ ಯಾವಾಗ?

ಗದಗ ಸೀಮೆಯ ಎರೆಹೊಲಗಳಲ್ಲಿ ಹೆಸರು ಬಿತ್ತುವುದು ಜೂನ್ ಹೊತ್ತಿಗೆ. ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಪಗಾರ ಎಲ್ಲವೂ ಒಮ್ಮೆಲೇ ಬಂದು ಬಾಗಿಲಲ್ಲಿ ನಿಲ್ಲುವ ಕಾಲ ಅದು. ಹಿಂದಿನ ಹಂಗಾಮಿನ ಕಡಲೆಯ ರೊಕ್ಕ ಅಷ್ಟರೊಳಗೆ ಹಳೆಯ ಸಾಲಕ್ಕೋ ಮನೆಯ ಮದುವೆಗೋ ಕರಗಿರುತ್ತದೆ. ಬಿತ್ತಿದ ಹೆಸರು ಎಪಿಎಂಸಿ ಅಂಗಳಕ್ಕೆ ಬರಲು ಆಗಸ್ಟ್ ದಾಟಬೇಕು; ಮೆಣಸಿನಕಾಯಿ ಚೀಲ ಬ್ಯಾಡಗಿ ಪೇಟೆ ಮುಟ್ಟಲು ಸಂಕ್ರಾಂತಿಯ ಆಸುಪಾಸು ಆಗುತ್ತದೆ. ವರ್ಷದಲ್ಲಿ ಕೈ ತೀರ ಬರಿದಾಗಿರುವ ಈ ದಿನಗಳಲ್ಲೇ ದ್ವಿತೀಯ ಪಿಯು ಪಾಸಾದ ಮಕ್ಕಳ ಕಾಲೇಜು ಪ್ರವೇಶ ನಡೆಯುತ್ತದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಊರುಗಳಲ್ಲಿ ಮಗಳು ಬಿ.ಎಸ್‌ಸಿ ಓದಬೇಕೋ ಬೇಡವೋ ಎಂಬ ಮಾತು ಗೊಬ್ಬರದ ಮಾತಿನ ನಡುವೆಯೇ ತೀರ್ಮಾನವಾಗುತ್ತದೆ.

ಸರಕಾರದ ಸಹಾಯ ಇಲ್ಲವೆಂದಲ್ಲ. ಇದೆ, ಹಲವು ಬಗೆಯಲ್ಲಿದೆ. ಆದರೆ ಆ ಸಹಾಯಕ್ಕೆ ಅರ್ಜಿ ಹಾಕಲು ಮಗು ಮೊದಲು ಕಾಲೇಜಿಗೆ ಸೇರಿರಬೇಕು. ಸೇರಲು ಫೀ ಕಟ್ಟಬೇಕು, ಫೀ ಕಟ್ಟಲು ಕೈಗಡ ಮಾಡಬೇಕು. ಎಷ್ಟು ಬರುತ್ತದೆ, ಯಾವಾಗ ಬರುತ್ತದೆ, ಬಂದೇ ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಜೂನ್ ತಿಂಗಳಲ್ಲಿ ಉತ್ತರ ಸಿಗುವುದಿಲ್ಲ. ನಮ್ಮ ವಿದ್ಯಾರ್ಥಿವೇತನ ವ್ಯವಸ್ಥೆಯ ದೊಡ್ಡ ದೋಷ ಮೊತ್ತ ಕಡಿಮೆ ಎಂಬುದಕ್ಕಿಂತ ಇದೇ ಎಂದು ನಾನು ನಂಬಿದ್ದೇನೆ: ಓದಬೇಕೋ ಬೇಡವೋ ಎಂದು ಮನೆಯವರು ನಿರ್ಧರಿಸುವ ಗಳಿಗೆಯಲ್ಲಿ ಅದು ಹಾಜರಿರುವುದಿಲ್ಲ. ಹೇಗೋ ಸಾಲ ಮಾಡಿ ಸೇರಿದವರಿಗೆ ಆಮೇಲೆ ಒಂದಿಷ್ಟು ರೊಕ್ಕ ಮರಳಿಸುತ್ತದೆ. ಸಾಲ ಹುಟ್ಟದೆ ಮನೆಯಲ್ಲೇ ಉಳಿದವರ ಹೆಸರು ಅದರ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಏಕೆಂದರೆ ಅವರು ಅರ್ಜಿಯನ್ನೇ ಹಾಕಲಿಲ್ಲ.

ಸಮಯದ ಮಹತ್ವವನ್ನು ಈ ನೆಲಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಹುಕಾರನ ಬಡ್ಡಿಯಿಂದ ಒಕ್ಕಲಿಗನನ್ನು ಬಿಡಿಸಬೇಕಾದರೆ ಬಿತ್ತನೆಯ ಹೊತ್ತಿಗೆ ಸಾಲ ಕೈಗೆ ಸಿಗಬೇಕು ಎಂಬುದು ಅಂಥ ಸಂಘಗಳ ಜೀವಾಳ. ಬಿತ್ತನೆಯ ಸಾಲವನ್ನು ಸುಗ್ಗಿ ಮುಗಿದ ಮೇಲೆ ಕೊಟ್ಟರೆ ಆ ಹೊಲ ಅಷ್ಟರೊಳಗೆ ಬೀಳು ಬಿದ್ದಿರುತ್ತದೆ. ವಿದ್ಯಾರ್ಥಿವೇತನದಲ್ಲಿ ನಾವು ಮಾಡುತ್ತಿರುವುದು ಅದನ್ನೇ.

ಏನೇನು ಸಹಾಯ ಇದೆ ಎಂಬುದನ್ನು ಚುರುಕಾಗಿ ನೋಡಿಬಿಡೋಣ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಗಿದ್ದು 1944ರಲ್ಲಿ, ಅಂಬೇಡ್ಕರರು ವೈಸ್‌ರಾಯರ ಕಾರ್ಯಕಾರಿ ಮಂಡಳಿಯಲ್ಲಿದ್ದಾಗ. ಇಂದು ಅದರ ಆದಾಯ ಮಿತಿ ವರ್ಷಕ್ಕೆ 2.5 ಲಕ್ಷ, ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಹಿಂದುಳಿದ ವರ್ಗಗಳಿಗೆ ಶುಲ್ಕ ವಿನಾಯಿತಿ ಇದೆ. ಹಾಸ್ಟೆಲ್ ಸಿಗದವರಿಗೆಂದು 2013ರಲ್ಲಿ ಬಂದ ವಿದ್ಯಾಸಿರಿಯಲ್ಲಿ ಆರಂಭದಲ್ಲಿ ತಿಂಗಳಿಗೆ 1,500ರಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000 ರೂಪಾಯಿ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಕೋರ್ಸಿಗೆ ತಕ್ಕಂತೆ 2,500ರಿಂದ 11,000. ಮುಂದೆ ಅದನ್ನು ಕೃಷಿ ಕೂಲಿಗಳ, ನೇಕಾರರ ಮಕ್ಕಳಿಗೂ ಹಿಗ್ಗಿಸಲಾಯಿತು. ಕಟ್ಟಡ ಕಾರ್ಮಿಕರ ಮಂಡಳಿಯ ಸಹಾಯಧನ ಬೇರೆ, ಅಲ್ಪಸಂಖ್ಯಾತರಿಗೆ ಅರಿವು ಸಾಲ ಬೇರೆ. ಸರಕಾರಿ ಶಾಲೆ, ಸರಕಾರಿ ಪಿಯು ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡಲು ಆರಂಭಿಸಿದೆ. ಪಟ್ಟಿ ಇನ್ನೂ ಬೆಳೆಸಬಹುದು. ಪಟ್ಟಿ ಉದ್ದವಾದಷ್ಟೂ ಇದರಲ್ಲಿ ನನಗೆ ಯಾವುದು ಎಂದು ತಿಳಿಯುವುದು ಹಳ್ಳಿಯ ಮಗುವಿಗೆ ಕಷ್ಟವಾಗುತ್ತದೆ.

ಇನ್ನು ಅರ್ಜಿಯ ದಾರಿ. ರಾಜ್ಯದ ಹೆಚ್ಚಿನ ಯೋಜನೆಗಳಿಗೆ ಈಗ ಒಂದೇ ಪೋರ್ಟಲ್, ಎಸ್‌ಎಸ್‌ಪಿ. ಇಲಾಖೆಗೊಂದು ಫಾರ್ಮು ತುಂಬಿ, ಎಲ್ಲಕ್ಕೂ ಝೆರಾಕ್ಸ್ ಲಗತ್ತಿಸಿ, ಗುಮಾಸ್ತರ ಮೇಜಿನಿಂದ ಮೇಜಿಗೆ ತಿರುಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ನಿಜವಾದ ಸುಧಾರಣೆ, ಅದನ್ನು ಒಪ್ಪಲೇಬೇಕು. ಆದರೆ ಆ ಒಂದು ಅರ್ಜಿಯ ಹಿಂದೆ ಏನೆಲ್ಲ ಇದೆ ನೋಡಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅವುಗಳ ಆರ್‌ಡಿ ನಂಬರ್. ಆದಾಯ ಪ್ರಮಾಣಪತ್ರದ ಆಯುಷ್ಯ ಐದು ವರ್ಷ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪಿಯು ಮುಗಿಯುವಾಗ ಮುಗಿಯುತ್ತದೆ, ಅದೂ ಯಾರಿಗೂ ನೆನಪಿರುವುದಿಲ್ಲ. ಕಾಲೇಜಿನ ನೋಂದಣಿ ಸಂಖ್ಯೆ ಬೇಕು, ಅದು ಪ್ರವೇಶವಾಗಿ ಎಷ್ಟೋ ದಿನಗಳ ಮೇಲೆ ಬರುತ್ತದೆ. ಕಟ್ಟಿದ ಫೀಯ ವಿವರ ತುಂಬಬೇಕು. ವ್ಯಾಸಂಗ ಪ್ರಮಾಣಪತ್ರವನ್ನು ಕಾಲೇಜಿನ ಅಧಿಕಾರಿಯಿಂದ ಇ-ದೃಢೀಕರಣ ಮಾಡಿಸಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ತಂದೆಯ ಹೆಸರು ಸೇರಿಸಿ ಬರೆದಿದ್ದು, ಆಧಾರಿನಲ್ಲಿ ಅಡ್ಡಹೆಸರು ಮಾತ್ರ ಇದ್ದರೆ ಹೆಸರು ತಾಳೆಯಾಗುವುದಿಲ್ಲ. ಎಲ್ಲ ದಾಟಿದ ಮೇಲೆ ಬ್ಯಾಂಕಿನ ಪ್ರಶ್ನೆ: ಖಾತೆಗೆ ಆಧಾರ್ ಕೊಟ್ಟಿದ್ದರೆ ಸಾಲದು, ಸಹಾಯಧನ ಆ ಖಾತೆಗೇ ಬರುವಂತೆ ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು. ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಅದು ಎಂದೋ ತೆರೆದು ಮರೆತ ಖಾತೆಯೂ ಆಗಿರಬಹುದು, ವ್ಯವಹಾರವಿಲ್ಲದೆ ಬಂದ್ ಆದ ಖಾತೆಯೂ ಆಗಿರಬಹುದು.

ಇವುಗಳಲ್ಲಿ ಯಾವುದೂ ಬಿಡಿಯಾಗಿ ದೊಡ್ಡದಲ್ಲ. ಗದಗಿನಲ್ಲಿ ಮನೆ ಇದ್ದು, ತಂದೆ ನೌಕರಿಯಲ್ಲಿದ್ದು, ಮನೆಯಲ್ಲೊಂದು ಕಂಪ್ಯೂಟರ್ ಇದ್ದರೆ ಎರಡು ದಿನದ ಕೆಲಸ. ಆದರೆ ಆ ಮನೆಗೆ ಈ ಸಹಾಯವೇ ಬೇಕಿಲ್ಲ. ಬೇಕಾಗಿರುವುದು ಯಾರಿಗೆ? ಶಿರಹಟ್ಟಿ ತಾಲ್ಲೂಕಿನ ಒಂದು ತಾಂಡಾದ ಹುಡುಗಿಯನ್ನು ಊಹಿಸಿಕೊಳ್ಳಿ. ಹಿಂಗಾರಿ ಬಿತ್ತನೆ ಮುಗಿದದ್ದೇ ತಾಯಿತಂದೆ ಗೋವಾಕ್ಕೋ ಮಂಗಳೂರಿಗೋ ಗುಳೆ ಹೋಗಿದ್ದಾರೆ. ಅರ್ಜಿ ತುಂಬುವ ಹೊತ್ತಿಗೆ ಒಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ಮೊಬೈಲಿಗೆ. ಆ ಮೊಬೈಲ್ ತಂದೆಯ ಬಳಿ ಇದೆ. ತಂದೆ ಯಾವುದೋ ಕಟ್ಟಡದ ಮೂರನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿದ್ದಾನೆ. ಅವನು ಮಧ್ಯಾಹ್ನ ಊಟಕ್ಕೆ ಕೂತಾಗ ಒಟಿಪಿ ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಸಂಜೆ ಪ್ರಯತ್ನಿಸೋಣವೆಂದರೆ ಊರಿಗೆ ಕೊನೆಯ ಬಸ್ಸು ಹೋಗಿಬಿಡುತ್ತದೆ. ಕಂಪ್ಯೂಟರ್ ಸೆಂಟರಿನವನಿಗೆ ಕೊಡುವ ರೊಕ್ಕ ಪ್ರತಿ ಸಲವೂ ಕೊಡಬೇಕು, ಸರ್ವರ್ ಬಂದ್ ಇದ್ದ ದಿನವೂ.

ಬೆಟಗೇರಿಯ ನೇಕಾರರ ಮನೆಯಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಕೂಲಿ ಸೀರೆಯ ಲೆಕ್ಕದ ಮೇಲೆ. ಒಂದು ತಿಂಗಳು ಮಗ್ಗ ಓಡುತ್ತದೆ, ಇನ್ನೊಂದು ತಿಂಗಳು ನೂಲಿಲ್ಲ, ಮತ್ತೊಂದು ತಿಂಗಳು ಮಾಲು ಹೋಗಿಲ್ಲ. ಪಗಾರದ ಚೀಟಿ ಇಲ್ಲ, ಹೊಲದ ಉತಾರವೂ ಇಲ್ಲ. ಇಂಥ ಮನೆಯ ವಾರ್ಷಿಕ ಆದಾಯವನ್ನು ಕಾಗದದ ಮೇಲೆ ಯಾರಾದರೂ ಅಂದಾಜು ಮಾಡಿಯೇ ಬರೆಯಬೇಕು, ಆ ಅಂದಾಜಿನ ಮೇಲೆ ಮಗುವಿನ ಅರ್ಹತೆ ನಿಲ್ಲುತ್ತದೆ. ಹೊಲವಿದ್ದವನಿಗೆ ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ ಇದೆ, ಅವನ ಜಮೀನಿನ ದಾಖಲೆ ಸರಕಾರದ ಕಂಪ್ಯೂಟರಿನಲ್ಲೇ ಕೂತಿದೆ. ಹೊಲವಿಲ್ಲದವನು ತಾನು ಬಡವನೆಂದು ಪ್ರತಿ ಸಲ ಹೊಸದಾಗಿ ಸಾಬೀತು ಮಾಡಬೇಕು. ಸ್ವಲ್ಪವಾದರೂ ಆಸ್ತಿ ಇದ್ದವನಿಗಿಂತ ಏನೂ ಇಲ್ಲದವನಿಗೆ ಪುರಾವೆಯ ಹೊರೆ ಹೆಚ್ಚು. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಆದರೆ ವ್ಯವಸ್ಥೆ ಹಾಗೆ ಕೂತುಬಿಟ್ಟಿದೆ, ಅದನ್ನು ಕದಲಿಸಬೇಕಾದವರು ನಾವೇ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ವಿಳಂಬದ ಬೆಲೆ ಇನ್ನೂ ದೊಡ್ಡದು. ಜೂನ್‌ನಲ್ಲಿ ಫೀ ಹೊಂದದಿದ್ದರೆ ಮನೆಯಲ್ಲಿ ಕೇಳುವ ಮಾತು ಒಂದೇ: "ಈ ವರ್ಸ ಬ್ಯಾಡ, ಬರೂ ವರ್ಸ ನೋಡೂಣು." ಗಂಡುಮಗ ಆ ವರ್ಷ ದುಡಿಯಲು ಹೋಗಿ ಮುಂದಿನ ವರ್ಷ ಮರಳಿ ಬಂದರೂ ಬರಬಹುದು. ಹುಡುಗಿಗೆ ಆ ಬರುವ ವರ್ಷ ಬರುವುದು ಅಪರೂಪ; ಅಷ್ಟರೊಳಗೆ ವರ ನೋಡಲು ಬಂದಿರುತ್ತಾನೆ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಗು ಕಾಲೇಜಿಗೆ ಸೇರುವ ಮೊದಲೇ ಅದಕ್ಕೆ ಎಷ್ಟು ಸಹಾಯ ಸಿಗುತ್ತದೆ ಎಂದು ಸರಕಾರ ಹೇಳಲು ಸಾಧ್ಯವೇ? ಸಾಧ್ಯವಿದೆ, ಮತ್ತು ನಮ್ಮದೇ ರಾಜ್ಯ ಅದನ್ನು ಒಂದು ಕಡೆ ಮಾಡುತ್ತಲೇ ಇದೆ. ಸಿಇಟಿ ಬರೆದು ಇಂಜಿನಿಯರಿಂಗ್ ಸೀಟು ಪಡೆಯುವ ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರ ಮಕ್ಕಳ ಕುಟುಂಬದ ಆದಾಯ 2.5 ಲಕ್ಷದೊಳಗಿದ್ದರೆ ಶುಲ್ಕ ವಿನಾಯಿತಿ ಸೀಟು ಹಂಚಿಕೆಯ ಹಂತದಲ್ಲೇ ಲೆಕ್ಕಕ್ಕೆ ಬರುತ್ತದೆ. ಆರ್‌ಡಿ ನಂಬರ್ ಹಾಕಿದರೆ ಪರೀಕ್ಷಾ ಪ್ರಾಧಿಕಾರದ ಕಂಪ್ಯೂಟರ್ ಕಂದಾಯ ಇಲಾಖೆಯ ದಾಖಲೆಯನ್ನೇ ಕೇಳಿ ತಿಳಿಯುತ್ತದೆ. ಫೀ ಕಟ್ಟಿ ಆಮೇಲೆ ಮರಳಿ ಪಡೆ ಎಂದು ಆ ವಿದ್ಯಾರ್ಥಿಗೆ ಯಾರೂ ಹೇಳುವುದಿಲ್ಲ. ಹಾಗಾದರೆ ಮುಂಡರಗಿಯ ಕಾಲೇಜಿನಲ್ಲಿ ಬಿ.ಎ. ಓದಬಯಸುವ, ಅದೇ ಜಾತಿಯ, ಅದೇ ಆದಾಯದ ಹುಡುಗನಿಗೆ ಈ ಸೌಕರ್ಯ ಏಕಿಲ್ಲ? ಪದವಿ ಕಾಲೇಜುಗಳ ಪ್ರವೇಶವೂ ಈಗ ಯುಯುಸಿಎಂಎಸ್ ಎಂಬ ಒಂದೇ ತಂತ್ರಾಂಶದಲ್ಲಿ ನಡೆಯುತ್ತದೆ. ಶಾಲೆಯಿಂದ ಪಿಯುವರೆಗಿನ ವಿವರ ವಿದ್ಯಾರ್ಥಿಗಳ ದಾಖಲೆಯಾದ ಸ್ಯಾಟ್ಸ್‌ನಲ್ಲಿದೆ. ರೇಷನ್ ಕಾರ್ಡಿನ ಕುಟುಂಬದ ವಿವರ 'ಕುಟುಂಬ' ದತ್ತಾಂಶದಲ್ಲಿದೆ. ಜಾತಿ, ಆದಾಯ, ಅಂಕ, ಜಮೀನು ಎಲ್ಲವೂ ಸರಕಾರದ ಬಳಿ ಇರುವಾಗ ಅದೇ ಸಂಗತಿಗಳನ್ನು ಹದಿನೆಂಟರ ಮಗು ಹೊತ್ತು ತಂದು ಸರಕಾರಕ್ಕೇ ಒಪ್ಪಿಸಬೇಕು ಎನ್ನುವುದಕ್ಕೆ ಸಮರ್ಥನೆ ಇಲ್ಲ.

ನಿಯಮವೂ ಇದರ ಪರವಾಗಿದೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕೇಂದ್ರ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 'ಫ್ರೀಶಿಪ್ ಕಾರ್ಡ್' ಎಂಬ ಏರ್ಪಾಡಿದೆ. ಅರ್ಹ ವಿದ್ಯಾರ್ಥಿಗೆ ಮೊದಲೇ ಆ ಕಾರ್ಡು ಕೊಡಬೇಕು, ಅದನ್ನು ತೋರಿಸಿದರೆ ಮುಂಗಡ ಫೀ ಇಲ್ಲದೆ ಪ್ರವೇಶ ಸಿಗಬೇಕು, ವಿದ್ಯಾರ್ಥಿವೇತನ ಖಾತೆಗೆ ಬಂದ ಮೇಲೆ ವಿದ್ಯಾರ್ಥಿ ಕಾಲೇಜಿಗೆ ಸಲ್ಲಿಸಬೇಕು. ಅಂದರೆ ಸೇರುವ ಮೊದಲೇ ಭರವಸೆ ಸಿಗಬೇಕೆಂಬ ಮಾತು ಯಾರೋ ಕನಸುಗಾರನದಲ್ಲ, ಸರಕಾರವೇ ಬರೆದಿಟ್ಟದ್ದು. ಆ ಹೆಸರಿನ ಕಾರ್ಡೊಂದಿದೆ ಎಂಬುದು ನಮ್ಮ ಹಳ್ಳಿಗಳ ಎಷ್ಟು ತಾಯಿತಂದೆಯರಿಗೆ ಗೊತ್ತಿದೆ ಎಂದು ಓದುಗರೇ ತಮ್ಮ ನೆರೆಹೊರೆಯಲ್ಲಿ ವಿಚಾರಿಸಿ ನೋಡಬಹುದು.

ಇನ್ನೊಂದು ಉದಾಹರಣೆ ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಇದೆ. 2023ರ ಜೂನ್ 11ರಿಂದ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಜಾರಿಯಲ್ಲಿದೆ. ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಗದಗಿನ ಕಾಲೇಜಿಗೆ ದಿನವೂ ಓಡಾಡುವ ಹುಡುಗಿ ಕಂಡಕ್ಟರಿಗೆ ಗುರುತಿನ ಚೀಟಿ ತೋರಿಸುತ್ತಾಳೆ, ಶೂನ್ಯ ಟಿಕೆಟ್ ಪಡೆಯುತ್ತಾಳೆ. ಟಿಕೆಟಿನ ರೊಕ್ಕ ಮೊದಲು ಕೊಡು, ರಶೀದಿ ಇಟ್ಟುಕೋ, ಪೋರ್ಟಲ್ ತೆರೆದಾಗ ಅರ್ಜಿ ಹಾಕು ಎಂದಿದ್ದರೆ ಆ ಯೋಜನೆ ಎಷ್ಟು ಜನರನ್ನು ಮುಟ್ಟುತ್ತಿತ್ತು? ಖರ್ಚಾಗುವ ಜಾಗದಲ್ಲೇ, ಖರ್ಚಾಗುವ ಹೊತ್ತಿನಲ್ಲೇ ಸಹಾಯ ಸಿಕ್ಕಿತು, ಅದಕ್ಕೇ ಅದು ನಿಂತಿತು. ನಾಲ್ಕಾರು ಮನೆಗಳಲ್ಲಾದರೂ ದೂರದ ಕಾಲೇಜು ಹತ್ತಿರವಾದದ್ದನ್ನು ನಾನು ಕಂಡಿದ್ದೇನೆ.

ಮಾಹಿತಿ ಕೊಟ್ಟರೆ ಸಾಕು, ಅರ್ಜಿ ತಾವೇ ಹಾಕಿಕೊಳ್ಳುತ್ತಾರೆ ಎನ್ನುವವರಿದ್ದಾರೆ. ಕರಪತ್ರ ಹಂಚುತ್ತೇವೆ, ಜಾಗೃತಿ ಕಾರ್ಯಕ್ರಮ ಮಾಡುತ್ತೇವೆ, ಬ್ಯಾನರ್ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. ಇದು ಎಷ್ಟು ಫಲ ಕೊಡುತ್ತದೆ ಎಂಬುದನ್ನು ಅಮೆರಿಕದಲ್ಲಿ ಸಂಶೋಧಕರು ಒರೆಗೆ ಹಚ್ಚಿ ನೋಡಿದ್ದಾರೆ. ಅಲ್ಲಿಯೂ ಕಾಲೇಜು ಸಹಾಯಕ್ಕೆ ಉದ್ದದ ಸರಕಾರಿ ಅರ್ಜಿಯೊಂದಿದೆ, ಬಡವರ ಮಕ್ಕಳೇ ಅದನ್ನು ತುಂಬದೆ ಬಿಡುತ್ತಿದ್ದರು. 2008ರಲ್ಲಿ ಒಹಾಯೊ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ ತೆರಿಗೆ ಲೆಕ್ಕ ಮಾಡಿಸಲು ಬಂದ ಕಡಿಮೆ ಆದಾಯದ ಕುಟುಂಬಗಳನ್ನು ಚೀಟಿ ಎತ್ತಿದಂತೆ ಗುಂಪು ಮಾಡಲಾಯಿತು. ಒಂದು ಗುಂಪಿಗೆ ತೆರಿಗೆ ಲೆಕ್ಕದವರೇ ಪಕ್ಕದಲ್ಲಿ ಕೂತು, ಆಗಲೇ ಕೈಯಲ್ಲಿದ್ದ ಆದಾಯದ ವಿವರದಿಂದ ಅರ್ಜಿ ತುಂಬಿಕೊಟ್ಟರು. ಎಷ್ಟು ಸಹಾಯ ಸಿಗಬಹುದು, ಹತ್ತಿರದ ಕಾಲೇಜಿನ ಫೀ ಎಷ್ಟು ಎಂದು ಅಲ್ಲೇ ಹೇಳಿದರು. ಇನ್ನೊಂದು ಗುಂಪಿಗೆ ಮಾಹಿತಿ ಮಾತ್ರ ಕೊಟ್ಟು ಕಳಿಸಿದರು. ಅರ್ಜಿ ತುಂಬಿಕೊಟ್ಟ ಗುಂಪಿನಲ್ಲಿ ಶಾಲೆ ಮುಗಿಸುತ್ತಿದ್ದ ಮಕ್ಕಳು ಕಾಲೇಜು ಸೇರಿದ ಪ್ರಮಾಣ ನೂರಕ್ಕೆ 34 ಇರಬೇಕಾದದ್ದು 42ಕ್ಕೆ ಏರಿತು. ಬರೀ ಮಾಹಿತಿ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಆ ದೇಶದ ಸ್ಥಿತಿ ಬೇರೆ, ನಮ್ಮದು ಬೇರೆ, ಒಪ್ಪಿದೆ. ಆದರೆ ಬಡತನದಲ್ಲಿರುವ ಮನುಷ್ಯನಿಗೆ ಬೇಕಾದದ್ದು ಕರಪತ್ರವೋ ಪಕ್ಕದಲ್ಲಿ ಕೂತು ಕೆಲಸ ಮುಗಿಸಿಕೊಡುವ ಜನವೋ ಎಂಬ ಪ್ರಶ್ನೆಗೆ ಸಿಕ್ಕ ಆ ಉತ್ತರ ಗದಗಿಗೂ ಹೊಂದುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಆ ಪ್ರಯೋಗಕ್ಕಿಂತ ಎಷ್ಟೋ ಮೊದಲೇ ನಮ್ಮ ಹಿರಿಯರಿಗೆ ಇದು ತಿಳಿದಿತ್ತು. ಶಿರಸಂಗಿ ಲಿಂಗರಾಜರು ಹುಟ್ಟಿದ್ದು 1861ರಲ್ಲಿ, ಲಕ್ಷ್ಮೇಶ್ವರದ ಹತ್ತಿರದ ಶಿಗ್ಲಿಯಲ್ಲಿ. ಶಿರಸಂಗಿ ದೇಸಗತಿಗೆ ದತ್ತಕ ಹೋದ ಅವರು 1904ರಲ್ಲಿ ಧಾರವಾಡದ ಮೊದಲ ವೀರಶೈವ ಮಹಾಸಭೆಯ ಅಧ್ಯಕ್ಷರಾದರು. 1906ರಲ್ಲಿ ತೀರಿಕೊಳ್ಳುವ ಮುನ್ನ ಸಂಸ್ಥಾನದ ಆಸ್ತಿಯನ್ನು ತಮ್ಮ ಸಮಾಜದ ಮಕ್ಕಳ ವಿದ್ಯೆಗೆಂದು ಮೃತ್ಯುಪತ್ರ ಬರೆದರು. ಆ ಆಸ್ತಿಯ ಟ್ರಸ್ಟಿನ ನೆರವಿನಿಂದ ಓದಿದವರು ಉತ್ತರ ಕರ್ನಾಟಕದ ಸಾರ್ವಜನಿಕ ಬದುಕಿನ ತುಂಬ ಇದ್ದರು. 1917ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯ ತೆರೆದರು. ಹಳ್ಳಿಯಿಂದ ಗಂಟು ಹೊತ್ತು ಬಂದ ಹುಡುಗನಿಗೆ ಅಂಥ ನಿಲಯಗಳಲ್ಲಿ ಮೊದಲ ದಿನವೇ ಊಟವಿತ್ತು, ಮಲಗಲು ಜಾಗವಿತ್ತು. ಊಟದ ಖರ್ಚು ನೀನು ಮಾಡಿಕೊಂಡಿರು, ವರ್ಷದ ಕೊನೆಗೆ ಲೆಕ್ಕ ನೋಡೋಣ ಎಂದು ಸ್ವಾಮಿಗಳು ಹೇಳಿದ್ದರೆ ಆ ಹುಡುಗ ಧಾರವಾಡದ ದಾರಿಯನ್ನೇ ಹಿಡಿಯುತ್ತಿರಲಿಲ್ಲ. ಅಂಬೇಡ್ಕರರ ವಿಷಯದಲ್ಲಿಯೂ ಅಷ್ಟೇ: ಬರೋಡದ ಸಯಾಜಿರಾವ್ ಮಹಾರಾಜರು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷದ ವೇತನ ಮಂಜೂರು ಮಾಡಿದ ಮೇಲೆಯೇ 1913ರಲ್ಲಿ ಅವರು ವಿದೇಶದಲ್ಲಿ ಓದಲು ಹಡಗು ಹತ್ತಿದ್ದು.

ಹಾಗೆಂದು ಹಳೆಯ ಕಾಲಕ್ಕೆ ಮರಳೋಣ ಎನ್ನುತ್ತಿಲ್ಲ. ಲಿಂಗರಾಜರ ದತ್ತಿ ಒಂದು ಸಮಾಜದ ಮಕ್ಕಳಿಗೆ ಮೀಸಲಾಗಿತ್ತು. ತಾಂಡಾದ ಮಗುವಿಗೆ, ಕೇರಿಯ ಮಗುವಿಗೆ ಅದರ ಬಾಗಿಲು ತೆರೆದಿರಲಿಲ್ಲ. ದಾನಿಯ ಮನಸ್ಸಿನ ಮೇಲೆ, ಜಾತಿಯ ಮೇಲೆ ನಿಂತ ಸಹಾಯವನ್ನು ಹಕ್ಕಾಗಿ ಬದಲಿಸಿದ್ದು ಸರಕಾರದ ವಿದ್ಯಾರ್ಥಿವೇತನದ ಹಿರಿಮೆ. ಆ ಹಕ್ಕಿಗೆ ಹಳೆಯ ಪ್ರಸಾದ ನಿಲಯದ ಹೊತ್ತುಗೊತ್ತಿನ ಪ್ರಜ್ಞೆಯೂ ಕೂಡಬೇಕು ಎಂಬುದಷ್ಟೇ ನನ್ನ ಒತ್ತಾಯ.

ವಿರೋಧದ ಮಾತುಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು ಮೋಸದ ಭಯ. ಇಷ್ಟೊಂದು ತಪಾಸಣೆ ಇಲ್ಲದಿದ್ದರೆ ಸುಳ್ಳು ದಾಖಲೆ ಕೊಟ್ಟು ಹಣ ಹೊಡೆಯುತ್ತಾರೆ ಎನ್ನುತ್ತಾರೆ. ಭಯ ಸುಳ್ಳಲ್ಲ. ಆದರೆ ಮೋಸ ಎಲ್ಲಿ ನಡೆದಿದೆ ನೋಡಿ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನದ ಬಗ್ಗೆ ಕೇಂದ್ರವೇ ನಡೆಸಿದ ತಪಾಸಣೆಯಲ್ಲಿ 830 ಸಂಸ್ಥೆಗಳು ನಕಲಿ ಇಲ್ಲವೇ ನಿಷ್ಕ್ರಿಯವೆಂದು ಕಂಡುಬಂದವು; ಸುಮಾರು 144 ಕೋಟಿ ರೂಪಾಯಿ ನಷ್ಟವೆಂದು 2023ರಲ್ಲಿ ಪ್ರಕರಣ ಸಿಬಿಐ ಕೈಗೆ ಹೋಯಿತು. ಅಲ್ಲಿ ಕಳ್ಳತನ ಮಾಡಿದ್ದು ಸಂಸ್ಥೆಗಳ ಹೆಸರಿನಲ್ಲಿ ಕೂತ ದೊಡ್ಡವರು, ಅವರೊಂದಿಗೆ ಕೈಜೋಡಿಸಿದವರು. ಆ ಎಲ್ಲ ಒಟಿಪಿ, ದೃಢೀಕರಣಗಳನ್ನೂ ಅವರು ಸಲೀಸಾಗಿ ದಾಟಿದರು. ಹತ್ತು ಕಾಗದ ಹೊಂದಿಸಲಾಗದೆ ನಿಂತದ್ದು ನಿಜವಾದ ವಿದ್ಯಾರ್ಥಿ. ತಪಾಸಣೆ ಸಂಸ್ಥೆಯ ಮೇಲೆ ಬಿಗಿಯಾಗಲಿ, ಮಗುವಿನ ಮೇಲೆ ಸಡಿಲವಾಗಲಿ.

ಎರಡನೆಯದು ಹಣದ ಮಾತು: ಬಜೆಟ್ ಬಿಡುಗಡೆಯಾಗದೆ ಮೊದಲೇ ಭರವಸೆ ಕೊಡುವುದು ಹೇಗೆ? ಇದು ಗಂಭೀರ ಪ್ರಶ್ನೆ, ಏಕೆಂದರೆ ಸರಕಾರಗಳು ಕೊಟ್ಟ ಭರವಸೆಯಿಂದ ಹಿಂದೆ ಸರಿದದ್ದಿದೆ. ಕಟ್ಟಡ ಕಾರ್ಮಿಕರ ಮಕ್ಕಳ ಶೈಕ್ಷಣಿಕ ಸಹಾಯಧನವನ್ನು 2023ರಲ್ಲಿ ಕಡಿತ ಮಾಡಿದಾಗ ವಿದ್ಯಾರ್ಥಿನಿಯರು ಹೈಕೋರ್ಟಿಗೆ ಹೋಗಬೇಕಾಯಿತು. ನಮ್ಮ ತಾಂಡಾಗಳಿಂದ ಗುಳೆ ಹೋಗುವವರಲ್ಲಿ ಬಹಳ ಮಂದಿ ದುಡಿಯುವುದು ಕಟ್ಟಡಗಳಲ್ಲೇ ಎಂಬುದನ್ನು ನೆನೆದರೆ ಆ ಕಡಿತ ಎಲ್ಲಿ ಬಂದು ತಾಗುತ್ತದೆ ಎಂದು ತಿಳಿಯುತ್ತದೆ. ಆದರೆ ಯೋಚಿಸಿ: ಹಣ ತಡವಾದಾಗ ಆ ತಡವನ್ನು ಯಾರಾದರೂ ಹೊರಲೇಬೇಕು. ಈಗ ಅದನ್ನು ಹೊರುತ್ತಿರುವುದು ಸ್ವಸಹಾಯ ಸಂಘದಿಂದ ಸಾಲ ಎತ್ತಿದ ತಾಯಿ, ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಮುಂಗಡ ಪಡೆದ ತಂದೆ. ರಾಜ್ಯದ ಬೊಕ್ಕಸ ಹೊರಲಾಗದ ಆರು ತಿಂಗಳ ಭಾರವನ್ನು ಮುಂಡರಗಿಯ ಕೂಲಿಯ ಮನೆ ಬಡ್ಡಿ ಕಟ್ಟಿ ಹೊರಬೇಕೆನ್ನುವುದು ನ್ಯಾಯವಲ್ಲ. ಕಾಲೇಜಿಗೆ ಸಲ್ಲಬೇಕಾದ ಫೀಯನ್ನು ಸರಕಾರ ಮತ್ತು ಕಾಲೇಜು ತಮ್ಮೊಳಗೆ ಲೆಕ್ಕ ಮಾಡಿಕೊಳ್ಳಲಿ. ಮಧ್ಯೆ ಓದಲು ಬಂದವರನ್ನು ನಿಲ್ಲಿಸಬಾರದು.

ಮೊತ್ತ ಸಣ್ಣದು, ಅದಕ್ಕಿಷ್ಟು ಗದ್ದಲವೇಕೆ ಎಂದೂ ಕೇಳಬಹುದು. ಮನೆಯಿಂದಲೇ ಓಡಾಡಿ ಬಿ.ಎ. ಓದುವ ಪರಿಶಿಷ್ಟ ಜಾತಿಯ ವಿದ್ಯಾರ್ಥಿಗೆ 2021ರ ಮಾರ್ಗಸೂಚಿಯಂತೆ ಸಿಗುವ ಶೈಕ್ಷಣಿಕ ಭತ್ಯೆ ವರ್ಷಕ್ಕೆ 3,000, ಹಾಸ್ಟೆಲಿನಲ್ಲಿದ್ದರೆ 6,000. ನಿಜಕ್ಕೂ ಕಡಿಮೆ, ಹೆಚ್ಚಾಗಲೇಬೇಕು. ಆದರೆ ಜೂನ್‌ನಲ್ಲಿ ಕೈಗೆ ಬಂದ 3,000 ಪುಸ್ತಕವಾಗುತ್ತದೆ, ಪರೀಕ್ಷೆಯ ಫೀಯಾಗುತ್ತದೆ, ಹುಡುಗನಾದರೆ ಬಸ್ ಪಾಸಾಗುತ್ತದೆ. ಮುಂದಿನ ಮಾರ್ಚ್‌ನಲ್ಲಿ ಬಂದ 3,000 ಹಳೆಯ ಕೈಗಡದ ಬಡ್ಡಿಗೆ ಹೋಗುತ್ತದೆ. ಮೊತ್ತ ಅದೇ, ಮಾಡಿದ ಕೆಲಸ ಬೇರೆ.

ಸರಕಾರ ಬದಲಾಗುವವರೆಗೆ ಕಾಯಬೇಕಾದ ಕೆಲಸ ಒಂದಾದರೆ, ನಾಳೆಯೇ ಮಾಡಬಹುದಾದ ಕೆಲಸ ಇನ್ನೊಂದು. ಅದು ಪಿಯು ಕಾಲೇಜುಗಳ ಕೈಯಲ್ಲಿದೆ. ದ್ವಿತೀಯ ಪಿಯು ಮಕ್ಕಳು ದಿನವೂ ತರಗತಿಯಲ್ಲಿ ಸಿಗುವುದು ಫೆಬ್ರುವರಿಯವರೆಗೆ ಮಾತ್ರ. ಪರೀಕ್ಷೆ ಮುಗಿದ ಮೇಲೆ ಅವರು ಹೊಲಕ್ಕೆ, ಕೂಲಿಗೆ, ಮದುವೆಯ ಮನೆಗೆ ಚದುರಿಹೋಗುತ್ತಾರೆ. ಡಿಸೆಂಬರಿನಲ್ಲೇ ಒಬ್ಬ ಉಪನ್ಯಾಸಕರನ್ನು ಈ ಕೆಲಸಕ್ಕೆ ಗೊತ್ತು ಮಾಡಿ, ಅವರ ಬೋಧನೆಯ ಹೊರೆಯನ್ನು ಅಷ್ಟರ ಮಟ್ಟಿಗೆ ಇಳಿಸಬೇಕು. ಯಾರ ಆದಾಯ ಪ್ರಮಾಣಪತ್ರದ ಅವಧಿ ಮುಗಿಯುತ್ತಿದೆ, ಯಾರ ಆಧಾರ್ ಹೆಸರು ಮಾರ್ಕ್ಸ್ ಕಾರ್ಡಿಗೆ ತಾಳೆಯಾಗುತ್ತಿಲ್ಲ, ಯಾರ ಖಾತೆಗೆ ಮ್ಯಾಪಿಂಗ್ ಆಗಿಲ್ಲ ಎಂಬ ಪಟ್ಟಿ ಅಲ್ಲೇ ತಯಾರಾಗಬೇಕು. ಒಂದು ದಿನ ಬ್ಯಾಂಕಿನವರನ್ನು, ಇನ್ನೊಂದು ದಿನ ನಾಡಕಚೇರಿಯವರನ್ನು ಕಾಲೇಜಿಗೇ ಕರೆಸಿದರೆ ನೂರು ಮಕ್ಕಳು ತಾಲ್ಲೂಕು ಕೇಂದ್ರಕ್ಕೆ ಅಲೆಯುವುದು ತಪ್ಪುತ್ತದೆ. ಗುಳೆ ಹೋಗುವ ಮನೆಗಳ ಮಕ್ಕಳ ಮೊಬೈಲ್ ನಂಬರನ್ನು ಅವರದೇ ಕೈಯಲ್ಲಿರುವ ನಂಬರಿಗೆ ಬದಲಿಸಿಕೊಳ್ಳುವ ಕೆಲಸ ಮೊದಲು ಆಗಬೇಕು. ಹಲವು ಉಪನ್ಯಾಸಕರು ಯಾರೂ ಹೇಳದೆ, ತಮ್ಮ ಜೇಬಿನಿಂದ ಖರ್ಚು ಮಾಡಿ ಇದನ್ನು ಮಾಡುತ್ತಿದ್ದಾರೆ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಒಬ್ಬರ ಒಳ್ಳೆಯತನದ ಮೇಲೆ ನೂರು ಮಕ್ಕಳ ಭವಿಷ್ಯ ನಿಲ್ಲಬಾರದು. ಇದು ಕಾಲೇಜಿನ ವೇಳಾಪಟ್ಟಿಯಲ್ಲಿ ಬರೆದ ಕೆಲಸವಾಗಬೇಕು.

ಪದವಿ ಕಾಲೇಜುಗಳಿಗೂ ಒಂದು ಮಾತು. ಪ್ರವೇಶದ ಅರ್ಜಿಯ ಜೊತೆಗೆ ಒಂದು ಹಾಳೆ ಕೊಡಿ. ಅದರಲ್ಲಿ ವರ್ಷದ ಒಟ್ಟು ಫೀ ಎಷ್ಟು, ಈ ವಿದ್ಯಾರ್ಥಿಗೆ ಯಾವ ಯೋಜನೆಯಲ್ಲಿ ಎಷ್ಟು ಸಿಗಬಹುದು, ಉಳಿದದ್ದು ಎಷ್ಟು, ಅದನ್ನು ಎಷ್ಟು ಕಂತಿನಲ್ಲಿ ಯಾವ ತಿಂಗಳು ಕಟ್ಟಬಹುದು ಎಂದು ಕನ್ನಡದಲ್ಲಿ ಬರೆದಿರಲಿ. ಕಂತಿನ ತಿಂಗಳು ಹೆಸರು ಮಾರಾಟವಾಗುವ ಸೆಪ್ಟೆಂಬರ್, ಮೆಣಸಿನಕಾಯಿ ಮಾರಾಟವಾಗುವ ಫೆಬ್ರುವರಿ ಆಗಲಿ. ತಂದೆ ಆ ಹಾಳೆಯನ್ನು ಮನೆಗೆ ಒಯ್ದು ಹೆಂಡತಿಯ ಜೊತೆ, ಅಣ್ಣತಮ್ಮಂದಿರ ಜೊತೆ ಕೂತು ಲೆಕ್ಕ ಹಾಕಿ ಮಗಳನ್ನು ಕಳಿಸಲು ಸಾಧ್ಯವಾಗಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಪ್ರಾಚಾರ್ಯರಲ್ಲಿ, ಆಡಳಿತ ಮಂಡಳಿಗಳಲ್ಲಿ ನನ್ನ ವಿನಂತಿ ಇಷ್ಟು: ಬರುವ ಪ್ರವೇಶದ ಹಂಗಾಮಿಗೆ ಆ ಒಂದು ಹಾಳೆ ಸಿದ್ಧಪಡಿಸಿ. ಈ ಲೇಖನ ಓದುತ್ತಿರುವವರ ಮನೆಯಲ್ಲಿ, ಓಣಿಯಲ್ಲಿ ದ್ವಿತೀಯ ಪಿಯು ಓದುವ ಮಗು ಇದ್ದರೆ ಅದರ ಆದಾಯ ಪ್ರಮಾಣಪತ್ರದ ತಾರೀಖನ್ನು ಈ ವಾರವೇ ನೋಡಿ, ಅವಧಿ ಮುಗಿಯುತ್ತಿದ್ದರೆ ನಾಡಕಚೇರಿಗೆ ನೀವೇ ಜೊತೆಗೆ ಹೋಗಿ.